ಪಾಹುರಾತಿನ ಗುಂಡಿ ಅಜ್ಜಿ

ಬ್ಯಾಂಕಾಕ್
೯ ಜೂನ್ ೨೦೨೪, ರವಿವಾರ

ಮುಸ್ಸು, ಮುಸ್ಸು, ನನ್ನ ಮುಸರತ!

ನಾನು ಬ್ಯಾಂಕಾಕಿನಲ್ಲಿದ್ದೇನೆ, ನನಗೊಬ್ಬ ಗಂಡನಿದ್ದಾನೆ. ಇವೆರಡರಲ್ಲಿ ಯಾವುದನ್ನು ಮೊದಲು ನಂಬಬೇಕೋ ಇನ್ನೂ ತಿಳಿಯುತ್ತಿಲ್ಲ. ಬೆಳಿಗ್ಗೆ ಎದ್ದು ಪಕ್ಕಕ್ಕೆ ನೋಡಿದರೆ ಕುಮಾರಸ್ವಾಮಿ ಬಾಯಿ ತೆರೆದು ಮಲಗಿರುತ್ತಾರೆ. ನನಗೆ ನಗು ತಡೆಯುವುದಿಲ್ಲ. ‘ನನ್ನ ಗಂಡ’ ಅಂತ ಸುಮ್ಮಸುಮ್ಮನೆ ಹೇಳಿಕೊಳ್ಳುತ್ತೇನೆ. ಮದುವೆಯಾಗಿ ತಿಂಗಳಾಗುತ್ತ ಬಂದರೂ ಆ ಶಬ್ದ ಇನ್ನೂ ಹೊಸ ಚಪ್ಪಲಿಯ ಹಾಗೆ ಕಿರ್ರ್ ಅನ್ನುತ್ತದೆ.

ನೋಡು, ಮಾತು ಕೊಟ್ಟ ಹಾಗೆ ಕಾಗದ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ. ಹುಬ್ಬಳ್ಳಿ ವಿಮಾನ ನಿಲ್ದಾಣದ ಬಾಗಿಲಲ್ಲಿ ನೀನು ಬೈದದ್ದು ಕಿವಿಯಲ್ಲೇ ಇದೆ: ‘ಫೋನಿನ್ಯಾಗ ಬರೇ ಮಿಸ್ ಯೂ, ಲವ್ ಯೂ ಅಂತೀ. ಅದನ್ನ ನಮ್ಮ ದಾದಿಗೆ ಏನಂತ ಓದಿ ಹೇಳ್ಲಿ? ಕಾಗದಾ ಬರಿ.’ ಕಣ್ಣು ಮಂಜಾದ ಮೇಲೆ ಮೀರಾಬಿ ದಾದಿಗೆ ಜಗತ್ತೆಲ್ಲ ನಿನ್ನ ಬಾಯಿಂದಲೇ ಅಲ್ಲವೇ? ಇಂಗ್ಲಿಷ್ ಮೀಡಿಯಂ ಹುಡುಗಿಯ ಕಾಗುಣಿತ ಕಂಡು ನಗಬೇಡ. ಕೆಂಪು ಪೆನ್ನಿನಿಂದ ತಿದ್ದಿಕೊಂಡು ಓದು.

ಆಟದ ಕರಾರು ಮತ್ತೊಮ್ಮೆ: ನಾನು ಇಲ್ಲಿ ರವಿವಾರಕ್ಕೊಂದು ಪೇಟೆ ಸುತ್ತಬೇಕು, ನೀನು ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಪೇಟೆ. ಒಂದು ಹೊಸ ತಿನಿಸು ತಿನ್ನಬೇಕು, ಒಂದು ಸಾಮಾನು ಕೊಳ್ಳಬೇಕು. ಫೋಟೋ ಕಳಿಸಿದವರು ಸೋತಂತೆ. ನಿಶ್ಚಯವಾದ ಮೇಲೆ ಐದು ತಿಂಗಳು, ಪ್ರತಿ ರವಿವಾರ, ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮಾಳಿಗೆ ಮೇಲೆ ಕೂತು ಕುಮಾರ್ ಕಳಿಸಿದ ವಾಯ್ಸ್ ಮೆಸೇಜು ಕೇಳುತ್ತಿದ್ದೆವಲ್ಲ, ಒಂದೇ ಇಯರ್‌ಫೋನನ್ನು ಇಬ್ಬರ ಕಿವಿಗೆ ಹಂಚಿಕೊಂಡು! ‘ಇವತ್ತ ಈ ಓಣಿಗೆ ಹೋಗಿದ್ದೆ, ಇದನ್ನ ತಿಂದೆ, ನೀ ಬಂದಮ್ಯಾಲೆ ಇಬ್ರೂ ಹೋಗೂಣು.’ ನಿನಗೊಬ್ಬಳಿಗೇ ಹೇಳುತ್ತೇನೆ, ಫೋಟೋದಲ್ಲಿದ್ದ ಆ ಮೂಗಿಗೆ ನಾನು ಒಪ್ಪಲಿಲ್ಲ. ಆ ರವಿವಾರಗಳಿಗೆ ಒಪ್ಪಿದೆ.

ಈಗ ಕೇಳು. ಯಾವರಾತ್! ಇದು ಚೀನೀಯರ ಪೇಟೆ. ಸಂಜೆಯಾದರೆ ಬೀದಿಯುದ್ದಕ್ಕೂ ಕೆಂಪು, ಬಂಗಾರದ ದೀಪದ ಹಲಗೆಗಳು ಹೊತ್ತಿಕೊಳ್ಳುತ್ತವೆ. ದೊಡ್ಡ ಬಾಣಲೆಯಲ್ಲಿ ಕಪ್ಪು ಮರಳು ಹಾಕಿ ಚೆಸ್ಟ್‌ನಟ್ ಹುರಿಯುತ್ತಾರೆ, ನಮ್ಮ ಕಡೆ ಶೇಂಗಾ ಹುರಿದ ಹಾಗೆ. ಪಾತಂಕೋ ಅಂತ ಕರಿದ ಹಿಟ್ಟು, ನಮ್ಮ ಪೂರಿಗೆ ಬೆನ್ನೆಲುಬು ಬಂದಂತೆ. ಶುಂಠಿಯ ಬಿಸಿನೀರಲ್ಲಿ ಈಜುವ ಕರಿ ಎಳ್ಳಿನ ಉಂಡೆ. ಹಳದಿ ಬಾವುಟ ಕಟ್ಟಿದ ಗಾಡಿಯಲ್ಲಿ ಮೀನು-ಮಾಂಸ ಇರುವುದಿಲ್ಲ ಅಂತ ಕುಮಾರ್ ಮೊದಲೇ ಹೇಳಿದ್ದರಲ್ಲ, ಅಂಥ ಗಾಡಿ ಹೆಜ್ಜೆಗೊಂದು. ಮತ್ತು ನಾವಿಬ್ಬರೂ ಬಾಯಿಪಾಠ ಮಾಡಿಕೊಂಡಿದ್ದ ಅವರ ಆ ಮಾತು? ‘ಈ ಓಣಿ ಹೊಗಿ ಕೂದಲಾಗ ಕುಂತು, ಕರೀದ ಬೀಗರ ಹಂಗ ಮನೀತನಕ ಬರತೈತಿ.’ ಖರೇನೇ ಬಂತು ಮುಸ್ಸು! ತಲೆ ತೊಳೆಯುವ ಮನಸ್ಸೇ ಆಗಲಿಲ್ಲ.

ಕೊಂಡದ್ದು: ಕೆಂಪು ಕಾಗದದ ಬೀಸಣಿಗೆ. ಈಗ ನಿನ್ನ ಸರದಿ. ಲಗೂ ಬರಿ, ಇಲ್ಲದಿದ್ದರೆ ಅಳುತ್ತೇನೆ.

ನಿನ್ನ (ಈಗ ಇನ್ನೊಬ್ಬರ ಕೂಡ!)
ವಿಶೂ


ಹಳೇ ಹುಬ್ಬಳ್ಳಿ
೨೮ ಜೂನ್ ೨೦೨೪

ವಿಶೂ,

ಕಾಗದ ಬಂತು. ತಪ್ಪು ತಿದ್ದುವುದನ್ನು ಅರ್ಧಕ್ಕೇ ಬಿಟ್ಟೆ, ಪೆನ್ನಿನ ಶಾಯಿ ಉಳಿಯಲಿ ಅಂತ. ದಾದಿಗೆ ಎರಡು ಸಲ ಓದಿ ಹೇಳಿದೆ. ಎಳ್ಳಿನ ಉಂಡೆ ಶುಂಠಿ ನೀರಲ್ಲಿ ಈಜುವ ಜಾಗ ಬಂದಾಗ ‘ತೋಬಾ!’ ಅಂದಳು, ಆಮೇಲೆ ‘ಬಿಸಿ ಇರತಾವೇನ?’ ಅಂತ ಕೇಳಿದಳು.

ನಾನು ಸುತ್ತಿದ್ದು ದುರ್ಗದ ಬೈಲು ಮತ್ತು ಜವಳಿ ಸಾಲು. ಹೊಲಿಗೆ ಅಂಗಡಿಗೆ ಬೀಗ ಹಾಕಿ, ತಲೆ ಮೇಲೆ ಬಿಸಿಲು ಹೊತ್ತು ಹೋದೆ. ಗಿರಮಿಟ್ ಗಾಡಿಯ ದ್ಯಾಮಣ್ಣ ದೂರದಿಂದಲೇ ನೋಡಿದ.

‘ಏನವಾ, ಒಬ್ಬಾಕೀನ ಬಂದಿ? ನಿನ್ನ ಜೋಡಿ ಎಲ್ಲೈತಿ?’

‘ಲಗ್ನಾ ಆಗಿ ಬ್ಯಾಂಕಾಕಿಗೆ ಹೋದ್ಲು ಕಾಕಾ.’

‘ಅಲ್ಲೆ ಗಿರಮಿಟ್ ಸಿಗತೈತೇನು?’

‘ಇಲ್ಲ.’

‘ಮತ್ಯಾಕ ಹೋದ್ಲು?’

ಇದಕ್ಕೆ ಉತ್ತರ ನೀನೇ ಬರೆದು ಕಳಿಸು. ಹೊಸ ತಿನಿಸು ತಿನ್ನಬೇಕೆಂಬ ಕರಾರಿದೆಯಲ್ಲ, ಗಿರಮಿಟ್ಟಿಗೆ ದಾಳಿಂಬೆ ಕಾಳು ಹಾಕಿಸಿದೆ. ದ್ಯಾಮಣ್ಣ ಹಾಕಿಕೊಟ್ಟ, ಆದರೆ ತನ್ನ ಗಾಡಿಯ ಹಿಂದೆ ನಿಂತು ತಿನ್ನು ಅಂದ. ‘ಯಾರರ ನೋಡಿದ್ರ ನನ್ನ ಹೆಸರು ಕೆಡತೈತಿ.’

ಜವಳಿ ಸಾಲಿನಲ್ಲಿ ಹಸಿರು ಲೇಸು ಕೊಂಡೆ. ಅಂಗಡಿಯವ ಹೇಳಿದ ದರಕ್ಕೆ ನಾನು ನಕ್ಕೆ. ‘ನಗಬ್ಯಾಡ್ರಿ, ಸೂರತ್ ಮಾಲು ಐತಿ’ ಅಂದ. ‘ಸೂರತ್‌ನಾಗ ನನ್ನ ಚಾಚಾನ ಮನಿ ಐತಿ, ಫೋನ್ ಹಚ್ಚಲೇನು?’ ಅಂದೆ. ಸೂರತ್‌ನಲ್ಲಿ ನನ್ನ ಚಾಚಾ ಯಾರೂ ಇಲ್ಲ ಅಂತ ನಿನಗೆ ಗೊತ್ತು. ಅವನಿಗೂ ಗೊತ್ತಾಯಿತು ಅಂತ ಕಾಣುತ್ತದೆ, ಆದರೂ ದರ ಇಳಿಸಿದ.

ದಾದಿಯ ತಕರಾರು ಒಂದಿದೆ. ನಿನ್ನ ಕಾಗದ ಕೇಳಿ ಮುಗಿದ ಮೇಲೆ ಹೇಳಿದಳು: ‘ಎಲ್ಲಾ ಛಲೋ ಐತಿ. ಆದ್ರ ಆ ಊರಾಗ ಯಾರೂ ಮಾತಾಡಂಗಿಲ್ಲೇನು? ಅಂಗಡ್ಯಾಂವ ಏನಂದ?’ ಹೌದಲ್ಲ ವಿಶೂ! ಹತ್ತು ರೂಪಾಯಿ ಮಿರ್ಚಿಗೆ ಜಗಳ ತೆಗೆಯುವವಳು ನೀನು. ಮುಂದಿನ ಕಾಗದದಲ್ಲಿ ಯಾರು ಏನಂದರು ಅದನ್ನೂ ಬರಿ.

ಮುಸರತ


ಬ್ಯಾಂಕಾಕ್
೨೧ ಜುಲೈ ೨೦೨೪, ರವಿವಾರ

ನನ್ನ ಮುಸ್ಸು,

ಈ ಸಲ ಪಾಹುರಾತ್! ನಿನಗಾಗಿಯೇ ಹುಟ್ಟಿದ ಪೇಟೆ. ಇಲ್ಲಿ ನಮ್ಮವರದೇ ಅಂಗಡಿಗಳು, ಪಂಜಾಬಿಗಳು ಹೆಚ್ಚು. ಜರಿ, ಲೇಸು, ಮಣಿ, ರೇಷ್ಮೆ, ಎಲ್ಲ ಗುಡ್ಡೆ ಗುಡ್ಡೆ. ಬಂಗಾರದ ಗುಮ್ಮಟದ ಗುರುದ್ವಾರ. ಬಿಸಿ ಸಮೋಸಾ, ಏಲಕ್ಕಿ ಚಹಾ, ಕೇಸರಿ ಜಿಲೇಬಿ. ಇಲ್ಲಿಗೆ ಬಂದರೆ ನೀವು ಇದನ್ನು ತಿನ್ನಲೇಬೇಕು. ಪಕ್ಕದಲ್ಲೇ ಸಾಂಪೆಂಗ್ ಅಂತ ಇಕ್ಕಟ್ಟಾದ ಓಣಿ. ಇಬ್ಬರು ಎದುರಾದರೆ ಒಬ್ಬರು ಉಸಿರು ಹಿಡಿಯಬೇಕು, ಅಷ್ಟು ಇಕ್ಕಟ್ಟು. ಅದರಲ್ಲೇ ಕೈಗಾಡಿಗಳು ಬರುತ್ತವೆ.

ದಾದಿಗೆ ಹೇಳು, ಈ ಊರಿನಲ್ಲಿ ಜನ ಮಾತಾಡುತ್ತಾರೆ. ಗುರುದ್ವಾರದ ಹಿಂದೆ, ಒಂದು ಹಳೆಯ ಮೆಟ್ಟಿಲ ಕೆಳಗೆ, ಗುಂಡಿ ಮಾರುವ ಅಜ್ಜಿಯೊಬ್ಬಳು ಕೂಡುತ್ತಾಳೆ. ಅಂಗಡಿ ಅಂದರೆ ಒಂದು ತಗಡಿನ ಡಬ್ಬಿ, ಅಷ್ಟೇ. ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳಿನಿಂದ ಮುಟ್ಟಿ ಮುಟ್ಟಿ ಗುಂಡಿ ಆರಿಸುತ್ತಾಳೆ. ನನ್ನ ಕುರ್ತಾದ ಗುಂಡಿ ಬಿದ್ದಿತ್ತು. ಅದನ್ನು ತೋರಿಸಿದರೆ ಏನಂದಳು ಗೊತ್ತೇ? ‘ಬಿದ್ದದ್ದರ ಚಿಂತಿ ನನಗ ಬ್ಯಾಡ. ಉಳದದ್ದನ್ನ ತೋರಸು, ಜೋಡಿ ನಾ ಹುಡಕತೇನಿ.’ ಹಿಂದಿಯಲ್ಲಿ ಅಂದದ್ದು, ನಾನು ನಮ್ಮ ಮಾತಿಗೆ ತಂದೆ. ಹುಡುಕಿಯೂ ಕೊಟ್ಟಳು. ದುಡ್ಡು ಕೊಡಹೋದರೆ ಕೈ ಹಿಡಿದುಕೊಂಡು, ‘ಅಂಗೈ ಯಾಕ ಇಷ್ಟ ತಣ್ಣಗದಾವ ಮಗಾ?’ ಅಂದಳು.

ನಾನು ಬಹಳ ಹೊತ್ತು ಅವಳ ಹತ್ತಿರ ಕೂತಿದ್ದೆ. ಕುಮಾರ್ ಆರಾಮಿದ್ದಾರೆ. ಕೆಲಸ ಜಾಸ್ತಿ.

ದ್ಯಾಮಣ್ಣನ ಪ್ರಶ್ನೆಗೆ ಉತ್ತರ ಆಮೇಲೆ ಬರೆಯುತ್ತೇನೆ.

ವಿಶೂ


ಹಳೇ ಹುಬ್ಬಳ್ಳಿ
೯ ಆಗಸ್ಟ್ ೨೦೨೪

ವಿಶೂ,

ನಾನು ಯಾವಾಗಿನಿಂದ ‘ನೀವು’ ಆದೆ? ‘ನೀವು ಇದನ್ನು ತಿನ್ನಲೇಬೇಕು’ ಅಂತೆ! ಲಗ್ನವಾದ ಮೇಲೆ ಎಲ್ಲರಿಗೂ ಮರ್ಯಾದೆ ಕೊಡುವುದು ಕಲಿತೆಯೇನು? ಇರಲಿ, ಸಂತೋಷ.

ಗುಂಡಿ ಅಜ್ಜಿ ನಮ್ಮ ಮನೆಯಲ್ಲಿ ಗದ್ದಲ ಎಬ್ಬಿಸಿದ್ದಾಳೆ. ‘ಉಳದದ್ದನ್ನ ತೋರಸು’ ಎಂಬಲ್ಲಿಗೆ ಬಂದಾಗ ದಾದಿ ನನ್ನ ಮೊಣಕಾಲು ಹಿಡಿದಳು. ‘ಇದು ನನ್ನ ಮಾತು! ನಾ ಅಂಗಡ್ಯಾಗ ಗಿರಾಕಿಗೆ ಹಿಂಗ ಅಂತೇನಿ. ಅಕಿ ಯಾರು? ಅಕಿಗೂ ಕಣ್ಣಿಲ್ಲೇನು?’ ಆ ದಿನದಿಂದ ನೀನು ಹಿಂದೆ ಬಿದ್ದೆ, ಅಜ್ಜಿಯೇ ಮುಂದೆ. ಅಕಿಗೆ ಮಕ್ಕಳಿದ್ದಾರಾ, ಮಳೆ ಬಂದರೆ ಡಬ್ಬಿ ಎಲ್ಲಿ ಇಡುತ್ತಾಳೆ, ಒಂದೇ ಎರಡೇ.

ಈಗ ಮುಖ್ಯ ಸಂಗತಿ. ನಮ್ಮ ಇಸ್ತಿಯಾಕ ಭಾಯ್ ಗೊತ್ತಲ್ಲ, ಚಾಚಾನ ಮಗ, ಶಾ ಬಜಾರಿನಲ್ಲಿ ಮಣಿ-ಲೇಸಿನ ಅಂಗಡಿ. ಸೆಪ್ಟೆಂಬರ್ ಎರಡನೇ ವಾರ ಮಾಲು ನೋಡಲು ಬ್ಯಾಂಕಾಕಿಗೆ ಬರುತ್ತಿದ್ದಾರೆ. ನಿನ್ನ ಎರಡೂ ಕಾಗದದ ಝೆರಾಕ್ಸ್ ತಗೊಂಡಿದ್ದಾರೆ, ನಕಾಶೆ ಬೇಡ ಇದೇ ಸಾಕು ಅಂದರು. ಅವರ ಕೈಯಲ್ಲಿ ನಿನಗೆ ಲೈನ್ ಬಜಾರಿನ ಪೇಢೆ, ಶೇಂಗಾ ಚಟ್ನಿ, ಖಡಕ್ ರೊಟ್ಟಿ.

ಮತ್ತು ದಾದಿ ತನ್ನ ಟ್ರಂಕು ತೆಗೆಸಿದಳು. ದಾದಾನ ಮದುವೆ ಶೇರ್ವಾನಿಯ ಚಿಪ್ಪಿನ ಗುಂಡಿ, ಆರು. ಶೇರ್ವಾನಿ ಎಂದೋ ಹರಿದುಹೋಗಿದೆ, ಗುಂಡಿ ಮಾತ್ರ ಹಾಗೇ ಹೊಳೆಯುತ್ತವೆ. ನನ್ನನ್ನೂ ಮುಟ್ಟಗೊಟ್ಟಿರಲಿಲ್ಲ. ಒಂದು ಬಟ್ಟೆಯಲ್ಲಿ ಕಟ್ಟಿ ‘ಅಕಿಗೆ ಕೊಡು ಅನ್ನು’ ಅಂದಳು. ‘ಯಾರಿಗೆ ದಾದಿ?’ ‘ಪಾಹುರಾತಿನಾಕಿಗೆ. ಇವನ್ನ ಬೆರಳಿಂದ ನೋಡಾಕಿ ಅಕಿ ಒಬ್ಬಾಕೀನ.’

ಇಸ್ತಿಯಾಕ ಭಾಯ್ ಅವರನ್ನು ನೀನೇ ಕರೆದುಕೊಂಡು ಹೋಗಿ ಅಜ್ಜಿಗೆ ಭೇಟಿ ಮಾಡಿಸು.

ಮುಸರತ


ಬ್ಯಾಂಕಾಕ್
೨೫ ಆಗಸ್ಟ್ ೨೦೨೪

ಮುಸ್ಸು,

ಬಹಳ ಬೇಜಾರಿನ ಸುದ್ದಿ. ಸೆಪ್ಟೆಂಬರ್ ಎರಡನೇ ವಾರ ನಾವು ಊರಲ್ಲಿರುವುದಿಲ್ಲ. ಕುಮಾರ್ ಆಫೀಸಿನವರೆಲ್ಲ ದ್ವೀಪಕ್ಕೆ ಹೊರಟಿದ್ದಾರೆ, ನಾನೂ ಹೋಗಲೇಬೇಕು. ಭಾಯ್‌ಗೆ ತೊಂದರೆ ಬೇಡ, ಪೇಢೆ ಅವರೇ ತಿಂದುಬಿಡಲಿ. ಗುಂಡಿಗಳನ್ನು ದಯವಿಟ್ಟು ಕಳಿಸಬೇಡ. ಅಜ್ಜಿಗೆ ಆರಾಮಿಲ್ಲ ಅಂತ ಕೇಳಿದೆ, ಕೆಲವು ದಿನದಿಂದ ಕೂಡುತ್ತಿಲ್ಲ. ದಾದಿಗೆ ಇದನ್ನು ಹೇಳಬೇಡ, ನೊಂದುಕೊಳ್ಳುತ್ತಾಳೆ.

ಅವಸರದಲ್ಲಿ,
ವಿ.


ಹಳೇ ಹುಬ್ಬಳ್ಳಿ
೨೦ ಸೆಪ್ಟೆಂಬರ್ ೨೦೨೪

ವಿಶಾಲಾ,

ನಿನ್ನ ಅವಸರದ ಕಾಗದ ನನ್ನ ಕೈಗೆ ಬರುವ ಮೊದಲೇ ಇಸ್ತಿಯಾಕ ಭಾಯ್ ಹೊರಟಾಗಿತ್ತು. ಮೊನ್ನೆ ಬಂದರು.

ಪಾಹುರಾತಿನಲ್ಲಿ ಒಂದು ಇಡೀ ಮಧ್ಯಾಹ್ನ ಗುಂಡಿ ಅಜ್ಜಿಯನ್ನು ಹುಡುಕಿದರಂತೆ. ಗುರುದ್ವಾರದ ಹಿಂದೆ, ಮೆಟ್ಟಿಲ ಕೆಳಗೆ, ನೀನು ಬರೆದ ಹಾಗೇ. ತಮ್ಮ ಮಾಲು ನೋಡುವುದು ಬಿಟ್ಟು, ಕೈಯಲ್ಲಿ ದಾದಿಯ ಗಂಟು ಹಿಡಿದುಕೊಂಡು. ಕಡೆಗೆ ಒಬ್ಬ ಸರ್ದಾರ್ಜಿ ಅಂಗಡಿಯವ ಅಂದನಂತೆ: ‘ಭಾಯ್‌ಸಾಬ್, ಹುಟ್ಟಿದಾಗಿಂದ ಇಲ್ಲೇ ಅದೇನಿ. ಮೆಟ್ಟಲ ಕೆಳಗ ಕರೆಂಟ್ ಮೀಟರ್ ಅದಾವ.’

ಪೇಢೆ ಕೆಡುತ್ತವೆ, ಮನೆಯಲ್ಲಿ ಯಾರಾದರೂ ಇದ್ದರೆ ಕೊಟ್ಟು ಹೋದರಾಯಿತು ಅಂತ ನಿನ್ನ ವಿಳಾಸವನ್ನು ಟ್ಯಾಕ್ಸಿಯವನಿಗೆ ತೋರಿಸಿದರು. ಅವನು ಊರು ದಾಟಿದ, ಮತ್ತೂ ಹೋದ. ಕಾರ್ಖಾನೆ, ಲಾರಿ, ತಂತಿಬೇಲಿ. ಭಾಯ್ ನನಗೆ ಹೇಳಿದ್ದು: ‘ಖರೇ ಹೇಳತೇನಿ ಮುಸರತ, ನಮ್ಮ ಧಾರವಾಡದ ಬಾಜೂಕಿನ ಬೇಲೂರ ಇಂಡಸ್ಟ್ರಿಯಲ್ ಏರಿಯಾಕ್ಕ ಬಂದೇನೋ ಅನಸ್ತು. ಅದ ಶೆಡ್ಡು, ಅದ ಧೂಳು. ಧಾರವಾಡ ಬಿಟ್ಟು ಬಂದ ಹುಡುಗಿ ಮತ್ತ ಬೇಲೂರಿಗೇ ಬಂದಾಳ.’

ನೀನು ದ್ವೀಪದಲ್ಲಿರಲಿಲ್ಲ. ಗೇಟಿನ ಹತ್ತಿರ ನೈಟಿ ಮೇಲೆ ದುಪಟ್ಟಾ ಹೊದ್ದು, ಹಾಲಿನ ಪಾಕೀಟು ಹಿಡಿದು ನಿಂತಿದ್ದೆ. ಭಾಯ್ ಅವರನ್ನು ನೋಡಿ ಮೊದಲು ಹೆದರಿದೆಯಂತೆ. ಆಮೇಲೆ ಪೇಢೆಯ ಡಬ್ಬಿ ಅಲ್ಲೇ ಬಿಚ್ಚಿ ತಿಂದೆಯಂತೆ. ಆಮೇಲೆ ಕೇಳಿದೆಯಂತೆ: ‘ಭಾಯ್, ನೀವು ಯಾವರಾತ್ ನೋಡಿದ್ರೇನು? ಹೆಂಗೈತಿ? ಹೊಗಿ ಖರೇನ ಕೂದಲಾಗ ಕುಂದರತೈತೇನು?’ ಸಣ್ಣ ಹುಡುಗಿ ಕಥೆ ಕೇಳಿದ ಹಾಗೆ ಕೇಳಿದಳು, ನಡುನಡುವೆ ‘ಹೂಂ’ ಅಂದಳು ಅಂತ ಹೇಳುವಾಗ ಭಾಯ್‌ಗೆ ನನ್ನ ಮುಖ ನೋಡಲಾಗಲಿಲ್ಲ.

ನಾನು ಪ್ರತಿ ಕಾಗದಕ್ಕೆ ನಡೆದಿದ್ದೇನೆ ವಿಶಾಲಾ. ಗಿರಾಕಿಯ ಬ್ಲೌಜು ಅರ್ಧಕ್ಕೆ ಬಿಟ್ಟು ನಡೆದಿದ್ದೇನೆ. ಕರಾರಿನ ಪ್ರಕಾರ ಆ ದರಿದ್ರ ದಾಳಿಂಬೆಯ ಗಿರಮಿಟ್ ತಿಂದಿದ್ದೇನೆ. ನೀನು ಕೂತಲ್ಲೇ ಕೂತು ನನಗೆ ಊರು ಕಟ್ಟಿ ಕಳಿಸಿದೆ. ಅದೂ ಹೋಗಲಿ ಅನ್ನಬಹುದಿತ್ತು. ಆದರೆ ದಾದಿ ದಿನಾ ಕೇಳುತ್ತಾಳೆ: ‘ಅಕಿ ಏನಂದ್ಲು? ಗುಂಡಿ ಮೆಚ್ಚಿದ್ಲೇನ?’ ನಾನು ‘ಮೆಚ್ಚಿದ್ಲು ದಾದಿ, ಕಣ್ಣಿಗೆ ಒತ್ತಿಕೊಂಡ್ಲು’ ಅಂದೆ. ಅವಳಿಗೆ ಜಗತ್ತೆಲ್ಲ ನನ್ನ ಬಾಯಿಂದಲೇ ಅಂತ ನೀನೇ ಬರೆದಿದ್ದೆ. ಈಗ ಆ ಬಾಯಲ್ಲಿ ನಿನ್ನ ಸುಳ್ಳು ಹೋಗಿ ಕೂತಿದೆ.

ಗುಂಡಿಗಳನ್ನು ಭಾಯ್ ನಿನ್ನ ಕೈಗೇ ಕೊಟ್ಟರಂತೆ, ‘ಅಂಗಡಿ ನಿನಗ ಗೊತ್ತೈತಲ್ಲ, ನೀನ ಕೊಡವಾ’ ಅಂತ. ಪಾಪ, ಅವರು ಆಗಲೂ ನಿನ್ನನ್ನು ನಂಬಿದ್ದರು. ಇಟ್ಟುಕೋ.

ನಿನಗೆ ಅಲ್ಲಿ ಏನಾಗಿದೆ ಅಂತ ನಾನು ಕೇಳುವುದಿಲ್ಲ. ಕೇಳಿದರೆ ಅದನ್ನೂ ಚಂದ ಮಾಡಿ ಬರೆಯುತ್ತೀ.

ಮುಸರತ


ಬ್ಯಾಂಕಾಕ್ ಅಲ್ಲ, ಅದರ ಹೊರಗೆ
೮ ಅಕ್ಟೋಬರ್ ೨೦೨೪, ಮಂಗಳವಾರ

ಮುಸರತ,

ಕೇಳುವುದಿಲ್ಲ ಅಂದೆ. ಆದರೂ ಹೇಳುತ್ತೇನೆ. ಚಂದ ಮಾಡುವುದಿಲ್ಲ.

ವಿಮಾನ ಇಳಿದ ರಾತ್ರಿ ಕಂಪನಿಯ ಗಾಡಿ ದೀಪಗಳಿದ್ದ ಕಡೆ ಹೋಗಲೇ ಇಲ್ಲ. ಬೇಲೂರಿನ ಶೆಡ್ಡಿನಿಂದ ಇವರನ್ನು ನಾಲ್ಕು ವರ್ಷದ ಹಿಂದೆ ಇಲ್ಲಿಯ ಶೆಡ್ಡಿಗೆ ಕಳಿಸಿದ್ದಾರೆ, ಅಷ್ಟೇ. ಮೊದಲ ರವಿವಾರ ಮಲಗಿದರು. ಎರಡನೇ ರವಿವಾರ ‘ಮುಂದಿನ ವಾರ ಪಕ್ಕಾ’ ಅಂದರು. ನಿನಗೆ ಮೊದಲ ಕಾಗದ ಬರೆದದ್ದು ಅವತ್ತೇ. ಮೋಸ ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ಹೇಗೂ ಹೋಗುವುದಿತ್ತು, ಎಂಟು ದಿನ ಮೊದಲೇ ಬರೆದೆ ಅಂದುಕೊಂಡೆ. ಅಷ್ಟು ಖುಷಿಯಲ್ಲಿದ್ದೆ.

ಮೂರನೇ ರವಿವಾರ ಹಟ ಹಿಡಿದಾಗ ತಮ್ಮ ಫೋನ್ ತೆಗೆದು ಒಂದು ವಿಡಿಯೋ ಹಚ್ಚಿದರು. ‘ಇದನ್ನ ನೋಡ, ಎಲ್ಲಾ ಇದರಾಗ ಐತಿ.’ ದಿಲ್ಲಿಯವನೊಬ್ಬ ಯಾವರಾತಿನಲ್ಲಿ ನಡೆಯುತ್ತ ಮಾತಾಡುತ್ತಿದ್ದ. ಚೆಸ್ಟ್‌ನಟ್, ಎಳ್ಳಿನ ಉಂಡೆ, ಹಳದಿ ಬಾವುಟ. ಅವನ ಬಾಯಿಂದ ನಮ್ಮ ಮಾಳಿಗೆಯ ಐದು ತಿಂಗಳು ಒಂದೊಂದಾಗಿ ಹೊರಬಂದವು. ಕಡೆಗೆ ಅದೂ ಬಂತು: ಇಲ್ಲಿಯ ಹೊಗೆ ಕೂದಲಲ್ಲಿ ಕೂತು ‘ಬಿನ್ ಬುಲಾಯೇ ಮೆಹಮಾನ್’ ಹಾಗೆ ಮನೆಗೆ ಬರುತ್ತದೆ. ಇವರು ಅದನ್ನು ಕರೆಯದ ಬೀಗರು ಮಾಡಿದ್ದರು. ಇವರ ಸ್ವಂತ ದುಡಿಮೆ ಅಷ್ಟೇ.

‘ಅಂದ್ರ ನೀವು ಹೋಗೇ ಇಲ್ಲೇನು?’

‘ಎರಡು ಸಲ ಹೋಗೇನಿ, ವೀಸಾ ಕೆಲಸಕ್ಕ. ಮಾತು ತಿಳ್ಯಂಗಿಲ್ಲ, ಊಟಾ ಸೇರಂಗಿಲ್ಲ. ನನಗ ಅಂಜಿಕಿ ಬರತೈತಿ.’

‘ಮತ್ತ ಸುಳ್ಳು ಯಾಕ ಹೇಳಿದ್ರಿ?’

‘ಸುಳ್ಳೇನೈತಿ ಅದರಾಗ? ಊರು ಅಲ್ಲೇ ಐತಲ್ಲ? ನಿನಗ ಖುಷಿ ಆಗತಿತ್ತು, ಹೇಳಿದೆ.’

ನನ್ನ ಮುಖ ನೋಡಿ ಅವರಿಗೆ ಆಶ್ಚರ್ಯವಾಯಿತು. ಅದೇ ಕೆಟ್ಟದ್ದು. ಮುಚ್ಚಿಡುವಂಥದ್ದೇನೂ ಅವರಿಗೆ ಅದರಲ್ಲಿ ಕಂಡಿರಲೇ ಇಲ್ಲ.

ಅವ್ವನಿಗೆ ಫೋನ್ ಮಾಡಿದೆ. ‘ಕುಡೀತಾರೇನು? ಇಲ್ಲ. ಬಡೀತಾರೇನು? ಇಲ್ಲ. ಮತ್ತ? ಪ್ಯಾಟಿ ತೋರಸಲಿಲ್ಲಂತ ಅಳತಾರೇನ ಹುಚ್ಚಿ!’ ಅಂತ ನಕ್ಕಳು. ಅವಳದು ತಪ್ಪಲ್ಲ. ಯಾವ ಹಿರಿಯರ ಮುಂದೆ ಹೋಗಿ ಏನಂತ ಹೇಳಲಿ? ನನಗೆ ಏನು ಮೋಸವಾಗಿದೆ ಅಂತ ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ. ನೀನೊಬ್ಬಳೇ ಸಾಕ್ಷಿ ಇದ್ದೆ, ಒಂದು ಕಿವಿಯಷ್ಟು. ನಿನ್ನ ಮುಂದೆ ನಾಚಿಕೆಯಾಯಿತು. ಅದಕ್ಕೇ ಎರಡನೆಯ ಕಾಗದ ಬೇರೊಂದು ವಿಡಿಯೋ ನೋಡಿ ಬರೆದೆ, ಅದರಲ್ಲಿ ಮಾತಾಡುವವನ ‘ನೀವು’ ಸಮೇತ. ಗುಂಡಿ ಅಜ್ಜಿ ಮಾತ್ರ ವಿಡಿಯೋದಲ್ಲಿ ಇರಲಿಲ್ಲ. ಯಾರು ಏನಂದರು ಬರಿ ಅಂತ ನೀನು ಅಂದಿದ್ದೆ. ನನಗೆ ಇಲ್ಲಿ ಯಾರೂ ಏನೂ ಅಂದಿರಲಿಲ್ಲ. ಕಣ್ಣು ಮುಚ್ಚಿ ಕೂತರೆ ನಿನ್ನ ಅಂಗಡಿಯ ಮೂಲೆ, ದಾದಿ, ದಾದಿಯ ಗುಂಡಿ ಡಬ್ಬಿ ಕಂಡವು. ಅವಳನ್ನೇ ಎತ್ತಿ ಮೆಟ್ಟಿಲ ಕೆಳಗೆ ಕೂರಿಸಿದೆ. ಅವಳು ತನಗೆ ತಾನೇ ಉಡುಗೊರೆ ಕಳಿಸುತ್ತಾಳೆಂದು ನನಗೇನು ಗೊತ್ತಿತ್ತು?

ನಿನ್ನ ಕಾಗದ ಬಂದ ಮೇಲೆ ಆ ಗಂಟು ಮನೆಯಲ್ಲಿ ಇಟ್ಟುಕೊಂಡು ನಿದ್ದೆ ಹತ್ತಲಿಲ್ಲ. ರವಿವಾರ ಇವರು ಮಲಗಿದ್ದಾಗ ಹೊರಟೆ. ಗೇಟಿನಿಂದ ನಮ್ಮ ಟಂಟಂ ಆಟೋದಂಥ ಕೆಂಪು ಗಾಡಿ, ಆಮೇಲೆ ರೈಲು, ಇನ್ನೊಂದು ರೈಲು. ಎರಡು ಸಲ ತಪ್ಪಿ ಇಳಿದೆ. ಯಾವರಾತ್ ಬಂದಾಗ ಊರೆಲ್ಲ ಹಳದಿ ಬಾವುಟ, ಬಿಳಿ ಬಟ್ಟೆ ತೊಟ್ಟ ಜನ. ಅವು ಅವರ ವ್ರತದ ದಿನಗಳಂತೆ. ಬಾವುಟ ಈ ಕೆಲವು ದಿನ ಮಾತ್ರ, ಆಮೇಲೆ ಹೆಚ್ಚಿನವನ್ನು ಬಿಚ್ಚಿಬಿಡುತ್ತಾರಂತೆ. ದಿಲ್ಲಿಯವ ಬಂದದ್ದೂ ಇಂಥದೇ ವಾರ ಇರಬೇಕು. ಪಾತಂಕೋ ತಿಂದೆ. ಪೂರಿಯಂತಿಲ್ಲ. ಒಳಗೆ ಪೊಳ್ಳು, ಒಂಚೂರು ಉಪ್ಪು. ಮಾರುವ ಮುದುಕ ನಾನು ತಿನ್ನುವುದನ್ನೇ ನೋಡುತ್ತ ನಿಂತು, ಏನೋ ಅಂದು, ಇನ್ನೊಂದು ತುಂಡು ನನ್ನ ಕೈಗೆ ತುರುಕಿದ. ಬೀದಿಯಲ್ಲಿ ನಿಂತು ಅತ್ತೆ. ಹೊಗೆ ಕಣ್ಣಿಗೆ ಹೋಗಿದೆ ಅಂತ ಅವನು ಬೀಸಣಿಗೆಯಿಂದ ಗಾಳಿ ಹಾಕಿದ.

ಸಂಜೆ ಮನೆಗೆ ಬಂದರೆ ಇವರು ಗೇಟಿನಲ್ಲಿ ಬೆವರುತ್ತ ನಿಂತಿದ್ದರು. ಬೈಯಲಿಲ್ಲ. ಒಳಗೆ ಕರೆದೊಯ್ದು ತಾವೇ ಚಹಾ ಮಾಡಿದರು. ನನ್ನ ಕೂದಲು ಮೂಸಿ, ‘ಖರೇ, ಹೊಗಿ ಬಂದೈತಿ!’ ಅಂದರು. ‘ಹೇಳ, ಹೇಳ, ಹೆಂಗಿತ್ತು?’ ನಾನು ಇಸ್ತಿಯಾಕ ಭಾಯ್ ಮುಂದೆ ಕೂತ ಹಾಗೇ ಕೂತಿದ್ದರು. ನನ್ನ ಮನಸ್ಸು ಕರಗಿತು. ರೈಲು, ಬಾವುಟ, ಮುದುಕ, ಗಾಳಿ ಹಾಕಿದ್ದು, ಎಲ್ಲ ಹೇಳಿದೆ. ಇನ್ನೊಮ್ಮೆ ಇಬ್ಬರೂ ಹೋಗೋಣ ಅಂದೆ. ಹೂಂ ಅಂದರು. ಅವತ್ತು ನಾವು ಗಂಡ-ಹೆಂಡತಿ ಆದೆವು ಅನ್ನಿಸಿತು.

ನಿನ್ನೆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಕೇಶ್ವಾಪುರದ ತಮ್ಮ ಅಕ್ಕ ಸೌಮ್ಯಾಗೆ ಫೋನ್ ಹಚ್ಚಿದ್ದರು. ‘ನಿನ್ನೆ ನಾವಿಬ್ರೂ ಯಾವರಾತಿಗೆ ಹೋಗಿದ್ವೆಕ್ಕಾ. ಏನ ಕೇಳತಿ, ಊರ ತುಂಬ ಹಳದಿ ಬಾವುಟ! ಒಬ್ಬ ಮುದಕ ನನಗ ಇನ್ನೊಂದು ತುಂಡು ಪುಕ್ಕಟ ಕೊಟ್ಟ ನೋಡು. ಹೊಗಿ ಕಣ್ಣಿಗೆ ಹೋತು, ಪಾಪ, ಗಾಳಿ ಹಾಕಿದ.’ ಹಾಗನ್ನುತ್ತ ನನ್ನ ಕಡೆ ತಿರುಗಿ ಕಣ್ಣು ಹೊಡೆದರು. ಸಂತೋಷದಿಂದ ಮುಸರತ, ಏನೋ ಹಂಚಿಕೊಂಡ ಹಾಗೆ. ರೊಟ್ಟಿ ಹೊತ್ತಿಹೋಯಿತು. ಜನ್ಮದಲ್ಲಿ ಒಂದೇ ಒಂದು ರವಿವಾರ ನಾನು ನನ್ನ ಕಾಲಿನಿಂದ ನಡೆದು ತಂದಿದ್ದೆ.

ದ್ಯಾಮಣ್ಣನಿಗೆ ಹೇಳು: ಯಾಕೆ ಹೋದಳೋ ಅವಳಿಗೂ ಗೊತ್ತಿಲ್ಲ.

ಒಂದನ್ನು ಮಾತ್ರ ಇವರಿಗೆ ಹೇಳಿರಲಿಲ್ಲ. ಅದು ನಿನಗೆ. ಯಾವರಾತಿನಿಂದ ಸಾಂಪೆಂಗ್ ಓಣಿ ಹಿಡಿದು ಪಾಹುರಾತಿಗೆ ಹೋದೆ. ಗುಂಡಿ ಅಂಗಡಿ ಹುಡುಕುತ್ತ ಹುಡುಕುತ್ತ ಒಂದರಲ್ಲಿ ಹಿಂದಿ ಕೇಳಿಸಿತು. ಒಳಗೆ ಒಬ್ಬ ಪಂಜಾಬಿ ಹೆಂಗಸು. ಅಜ್ಜಿ ಅಲ್ಲ, ಐವತ್ತರ ಆಸುಪಾಸು, ಕೆಂಪು ಲಿಪ್‌ಸ್ಟಿಕ್ಕು, ಕಣ್ಣು ಚೆನ್ನಾಗಿ ಕಾಣುತ್ತವೆ. ಊಟ ಮಾಡುತ್ತಿದ್ದಳು. ನಾನು ಗಂಟು ಬಿಚ್ಚಿದೆ. ಅವಳ ಹಿಂದಿಯನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

‘ಮಾರೂದಿದ್ರ ಮುಂದಿನ ಅಂಗಡಿ.’

‘ಮಾರೂದಲ್ರಿ. ಕೊಡೂದು. ನಮ್ಮೂರಿಂದ ಒಬ್ರು ದಾದಿ ಕಳಿಸ್ಯಾರ.’

‘ನನಗ?’

‘ನಿಮ್ಮಂಥಾಕಿಗೆ.’

‘ನನ್ನಂಥಾಕಿ ಅಂದ್ರ ಯಾರು?’

ನಾನು ಗಂಟನ್ನು ಅವಳ ಮುಂದೆ ಸರಿಸಿದೆ. ಅವಳು ಎಂಜಲು ಕೈ ಒರೆಸಿಕೊಂಡು ಒಂದು ಗುಂಡಿ ಎತ್ತಿ ಗಲ್ಲಕ್ಕೆ ಒತ್ತಿ ನೋಡಿದಳು. ‘ಖರೇ ಚಿಪ್ಪು. ತಣ್ಣಗೈತಿ.’ ಆಮೇಲೆ ಸಿಟ್ಟಿಗೆದ್ದಳು. ‘ಆರೂ ಕೊಡತಾಳಂತ! ತಲಿ ಕೆಟ್ಟೈತೇನ ನಿಮ್ಮ ದಾದಿಗೆ? ಇವು ಈಗ ಸಿಗತಾವೇನ? ಒಂದು ಸಾಕು. ಐದು ವಾಪಸ ಒಯ್ಯಿ. ಮತ್ತ ನಾ ಯಾರದೂ ಪುಕ್ಕಟ ತಗೊಳ್ಳಾಕಿ ಅಲ್ಲ.’ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಹಸಿರು ಗಾಜಿನ ಗುಂಡಿ ತೆಗೆದು ಐದರ ಜೊತೆ ಕಟ್ಟಿದಳು. ಹೊರಡುವಾಗ ಬೆನ್ನ ಹಿಂದಿನಿಂದ ಕೂಗಿದಳು: ‘ಏ ಹುಡುಗಿ! ಹೆಸರೇನ ಅಕೀದು?’

‘ಮೀರಾಬಿ.’

‘ಬಿಸಲಾಗ ಇಡಬ್ಯಾಡ ಅನ್ನು, ಹಳದಿ ಆಗತಾವ.’

ಗಂಟು ಈ ಕಾಗದದೊಳಗೆ ಇದೆ. ನೀನು ಉತ್ತರ ಬರೆಯಬೇಕೆಂದಿಲ್ಲ. ದಾದಿಗೆ ಮಾತ್ರ ಎಲ್ಲ ಇದ್ದದ್ದು ಇದ್ದ ಹಾಗೆ ಓದಿ ಹೇಳು, ಅಜ್ಜಿ ಇರಲಿಲ್ಲ ಎಂಬುದನ್ನೂ. ‘ಅಂಗಡ್ಯಾಕಿ ಏನಂದ್ಲು?’ ಅಂತ ಕೇಳಿದರೆ ಮೇಲೆ ಬರೆದಿದ್ದೇನೆ. ಅದರಲ್ಲಿ ಒಂದು ಮಾತೂ ನನ್ನದಲ್ಲ.

ವಿಶಾಲಾ